ಯಾರನ್ನು ಕೇಳಬೇಕು?

‘ನಿಮ್ಮಮ್ಮ ಆಗಿದ್ರೆ ಏನ್ ಮಾಡ್ತಿದ್ರಿ ಮೇಡಂ?’

ಅವ್ವ ಈ ಪ್ರಶ್ನೆ ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಟೋಕನ್ ತೆಗೆದುಕೊಂಡವರು ಮಧ್ಯಾಹ್ನ ಎರಡರ ಹೊತ್ತಿಗೆ ವೈದ್ಯರ ಕೋಣೆಯೊಳಗೆ ಹೋಗಿದ್ದೆವು. ಸರ್ಜನ್ ನಲವತ್ತರ ಆಸುಪಾಸಿನ ಹೆಂಗಸು, ಕೇರಳದ ಕಡೆಯವರು. ಅವರ ಕನ್ನಡ ‘ಊಟ ಆಯ್ತಾ, ನೋವು ಎಲ್ಲಿ’ ದಾಟಿ ಹೆಚ್ಚು ದೂರ ಹೋಗುತ್ತಿರಲಿಲ್ಲ. ಹಾಗಾಗಿ ಅವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ನಾನು ಅವ್ವನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅವ್ವನ ಎಡ ಎದೆಯಲ್ಲಿ ಸುಮಾರು ಎರಡು ಸೆಂಟಿಮೀಟರಿನ ಗಡ್ಡೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿತ್ತು. ಎರಡು ದಾರಿಗಳಿವೆ, ಆರಿಸಿಕೊಳ್ಳುವುದು ನಿಮಗೆ ಬಿಟ್ಟದ್ದು ಎಂದು ವೈದ್ಯೆ ಹೇಳಿ ಮುಗಿಸಿದ್ದರು. ನಾನು ನನ್ನ ಪಾಲಿನದು ಹೇಳಿ ಮುಗಿಸುತ್ತಿದ್ದಂತೆ ಅವ್ವ ನನ್ನನ್ನು ದಾಟಿ, ಮೇಜಿನ ಮೇಲೆ ಸ್ವಲ್ಪ ಬಾಗಿ, ನೇರ ಅವರನ್ನೇ ಕೇಳಿದಳು.

ಸಿಟ್ಟು ಬರಲು ಕಾರಣವಿತ್ತು. ನಾನು ತತ್ತ್ವಶಾಸ್ತ್ರ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಾಲ್ಕು ವರ್ಷಗಳಿಂದ ‘ಒಪ್ಪಿಗೆ’ ಎಂಬ ಒಂದು ಪದದ ಸುತ್ತಲೇ ಓದುತ್ತಿದ್ದೇನೆ. ಒಬ್ಬರ ಮಾತಿಗೆ ಇನ್ನೊಬ್ಬರು ಹೂಂ ಅಂದರೆ ಅದು ಯಾವಾಗ ನಿಜವಾದ ಹೂಂ, ಯಾವಾಗ ಬರೀ ಶಬ್ದ ಎಂಬುದು ನನ್ನ ಪ್ರಬಂಧದ ವಿಷಯ. ಅಂಥವಳ ಕಣ್ಣೆದುರೇ, ತನ್ನ ದೇಹದ ಬಗ್ಗೆ ತಾನೇ ತೀರ್ಮಾನಿಸುವ ಅವಕಾಶ ಬಾಳಿನಲ್ಲಿ ಬಹುಶಃ ಮೊದಲ ಸಲ ಸಿಕ್ಕಿದಾಗ, ನನ್ನ ಅವ್ವ ಅದನ್ನು ಮಡಚಿ ವೈದ್ಯರ ಕೈಗೇ ವಾಪಸ್ ಕೊಡುತ್ತಿದ್ದಾಳೆ ಅನಿಸಿತು. ಆ ಪ್ರಶ್ನೆಯನ್ನು ನಾನು ಎಷ್ಟು ತಪ್ಪಾಗಿ ಕೇಳಿಸಿಕೊಂಡೆ ಎಂಬುದು ತಿಳಿಯಲು ನನಗೆ ಕೆಲವು ತಿಂಗಳೇ ಬೇಕಾದವು. ಅದನ್ನು ಹೇಳುವುದಕ್ಕೇ ಈ ಬರಹ.

ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ತೀರಿಹೋಗಿ ಒಂಬತ್ತು ವರ್ಷ. ಇರುವ ತೆಂಗಿನ ತೋಟ, ಎರಡು ಹಸು, ಸ್ವಲ್ಪ ರಾಗಿ ಹೊಲ ಎಲ್ಲವನ್ನೂ ಅವ್ವನೇ ನೋಡಿಕೊಳ್ಳುತ್ತಾಳೆ. ಡೈರಿಗೆ ಹಾಲು ಹಾಕುವ ಪುಸ್ತಕ ಅವಳ ಹೆಸರಿನಲ್ಲಿದೆ. ಯಾವ ಹಸು ಮಾರಬೇಕು, ಯಾವ ಮರ ಕಡಿಸಬೇಕು, ಯಾರಿಗೆ ಸಾಲ ಕೊಡಬಾರದು ಎಂಬುದನ್ನೆಲ್ಲ ಅವಳು ಯಾರನ್ನೂ ಕೇಳದೆ ತೀರ್ಮಾನಿಸುತ್ತಾಳೆ. ಆದರೆ ರಿಪೋರ್ಟ್ ಬಂದ ದಿನ ಅದನ್ನು ಮೊದಲು ನೋಡಿದವನು ನನ್ನ ಸೋದರಮಾವ. ಅವನು ನನಗೆ ಫೋನ್ ಮಾಡಿ, ‘ಅಕ್ಕಂಗೆ ಬರೀ ಗಡ್ಡೆ ಅಂತ ಹೇಳು, ಆ ಹೆಸರು ಎತ್ತಬೇಡ, ಕೇಳಿದ್ರೆ ಅರ್ಧ ಪ್ರಾಣ ಅಲ್ಲೇ ಹೋಗುತ್ತೆ’ ಅಂದ. ನಾನು ಜಗಳವಾಡಿದೆ. ಅವಳ ಕಾಯಿಲೆಯ ಹೆಸರು ಅವಳಿಗೆ ಗೊತ್ತಾಗಬೇಕು ಅಂದೆ. ಗೆದ್ದೆ. ಆ ಗೆಲುವಿನ ಹಮ್ಮು ಇನ್ನೂ ಇಳಿಯದೆ ಇರುವಾಗಲೇ ಆಸ್ಪತ್ರೆಯ ಆ ಕೋಣೆಗೆ ಹೋಗಿದ್ದೆ.

ಮಾವನನ್ನು ಹಳೆ ಕಾಲದವನು ಎಂದು ತಳ್ಳಿಹಾಕುವುದು ಸುಲಭ. ಆದರೆ ಅವನ ಬೆನ್ನ ಹಿಂದೆ ಬಹಳ ದೊಡ್ಡ ಪರಂಪರೆಯೇ ಇದೆ. ಚರಕ ಸಂಹಿತೆಯಲ್ಲಿ ವೈದ್ಯವಿದ್ಯೆ ಕಲಿಯಲು ಬಂದ ಶಿಷ್ಯನಿಗೆ ಗುರು ಕೊಡುವ ಉಪದೇಶದ ಒಂದು ಭಾಗವಿದೆ. ರೋಗಿಯ ಆಯಸ್ಸು ಮುಗಿಯುತ್ತ ಬಂದಿದೆ ಎಂದು ಗೊತ್ತಾದರೂ, ಹೇಳಿದರೆ ರೋಗಿಗೋ ಅವನ ಕಡೆಯವರಿಗೋ ಆಘಾತವಾಗುತ್ತದೆ ಎನ್ನುವಲ್ಲಿ ಅದನ್ನು ಹೇಳಕೂಡದು ಎಂಬುದು ಅದರ ಸಾರ. ಅದೇ ಗ್ರಂಥ ಚಿಕಿತ್ಸೆಗೆ ನಾಲ್ಕು ಕಾಲುಗಳಿವೆ ಅನ್ನುತ್ತದೆ: ವೈದ್ಯ, ಔಷಧ, ಆರೈಕೆ ಮಾಡುವವರು, ರೋಗಿ. ರೋಗಿಯೂ ಒಂದು ಕಾಲು ಎಂಬ ಮಾತು ಕೇಳಲು ಹಿತವಾಗಿದೆ. ಆದರೆ ಒಳ್ಳೆಯ ರೋಗಿಗೆ ಇರಬೇಕಾದ ಗುಣಗಳು ಯಾವುವು ಎಂದು ನೋಡಿದರೆ, ನೆನಪಿನ ಶಕ್ತಿ, ಹೇಳಿದಂತೆ ನಡೆಯುವುದು, ಭಯವಿಲ್ಲದಿರುವುದು, ತನ್ನ ನೋವನ್ನು ಸರಿಯಾಗಿ ತಿಳಿಸುವುದು, ಈ ನಾಲ್ಕು. ತಿಳಿಸುವುದು ಅವನ ಕೆಲಸ, ತೀರ್ಮಾನಿಸುವುದು ಆ ಪಟ್ಟಿಯಲ್ಲಿಲ್ಲ.

ನನ್ನನ್ನು ಇನ್ನೂ ಹೆಚ್ಚು ಯೋಚನೆಗೆ ಹಚ್ಚಿದ್ದು ಸುಶ್ರುತ ಸಂಹಿತೆಯ ಒಂದು ಜಾಗ. ಮೂತ್ರಕೋಶದ ಕಲ್ಲನ್ನು ಶಸ್ತ್ರಕ್ರಿಯೆಯಿಂದ ತೆಗೆಯುವ ವಿವರ ಅಲ್ಲಿದೆ. ಕೊಯ್ಯದಿದ್ದರೆ ಸಾವು ಖಚಿತ, ಕೊಯ್ದರೆ ಬದುಕುವುದು ಸಂದೇಹ. ಹಾಗಾಗಿ ಮೊದಲು ಕೇಳಿಯೇ ಕೈ ಹಾಕಬೇಕು ಎಂದು ಅದು ಹೇಳುತ್ತದೆ. ಫಲ ಅನಿಶ್ಚಿತವಾಗಿರುವಾಗ ವೈದ್ಯ ಒಬ್ಬನೇ ಮುಂದುವರಿಯಬಾರದು ಎಂಬ ತಿಳಿವು ಇಷ್ಟು ಹಿಂದೆಯೇ ಇತ್ತು. ಆದರೆ ಕೇಳಬೇಕಾದದ್ದು ಯಾರನ್ನು? ಮೂಲದಲ್ಲಿರುವ ಪದ ‘ಈಶ್ವರ’. ಒಡೆಯ, ದೊರೆ ಎಂಬರ್ಥದಲ್ಲಿ. ಯಾರ ದೇಹ ಕೊಯ್ಯಲಾಗುತ್ತದೋ ಅವನನ್ನಲ್ಲ.

ಇದು ಪುರಾತನ ಕಾಲದ ಮಾತು ಎಂದುಕೊಳ್ಳುವ ಹಾಗಿಲ್ಲ. 1995ರ ಮೇ ತಿಂಗಳಲ್ಲಿ ದೆಹಲಿಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಸಮೀರಾ ಕೊಹ್ಲಿ ಎಂಬ 44 ವರ್ಷದ ಮಹಿಳೆಗೆ ಅರಿವಳಿಕೆ ಕೊಟ್ಟರು. ಅವರು ಒಪ್ಪಿದ್ದದ್ದು ಮುಖ್ಯವಾಗಿ ಲ್ಯಾಪರೊಸ್ಕೋಪಿಯ ತಪಾಸಣೆಗೆ. ಅವರು ಮಂಪರಿನಲ್ಲಿದ್ದಾಗ ಆಪರೇಷನ್ ಕೋಣೆಯಿಂದ ಸಹಾಯಕ ವೈದ್ಯೆ ಹೊರಗೆ ಬಂದು, ಅಲ್ಲಿ ಕಾಯುತ್ತಿದ್ದ ವಯಸ್ಸಾದ ತಾಯಿಯ ಸಹಿ ಪಡೆದರು. ಒಳಗೆ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಹಾಕಲಾಯಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2008ರ ಜನವರಿಯಲ್ಲಿ ತೀರ್ಪು ಬಂತು. ಪ್ರಾಯಕ್ಕೆ ಬಂದ, ಬುದ್ಧಿ ಸರಿಯಿರುವ ವ್ಯಕ್ತಿ ಎಚ್ಚರಗೊಳ್ಳುವವರೆಗೆ ಕಾಯಲು ಸಾಧ್ಯವಿದ್ದಾಗ ಅವರ ಪರವಾಗಿ ಇನ್ನೊಬ್ಬರು ಒಪ್ಪಲು ಬರುವುದಿಲ್ಲ, ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ವೈದ್ಯೆಯ ಉದ್ದೇಶ ಕೆಟ್ಟದಾಗಿರಲಿಲ್ಲ. ಆ ತಾಯಿಯ ಪ್ರೀತಿಯಲ್ಲೂ ಕೊರತೆಯಿದ್ದಿರಲಾರದು. ಆದರೂ ತಪ್ಪು ತಪ್ಪೇ. ಈ ತೀರ್ಪನ್ನು ನನ್ನ ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಹನ್ನೆರಡು ಪುಟ ಚರ್ಚಿಸಿದ್ದೇನೆ.

ಇಷ್ಟೆಲ್ಲ ಗೊತ್ತಿದ್ದವಳು ನಾನು ಆ ದಿನ ಏನು ಮಾಡಿದೆ ಎಂದು ಈಗ ಹೇಳಬೇಕು.

ವೈದ್ಯೆ ಒಂದು ಚೀಟಿಯ ಹಿಂಭಾಗದಲ್ಲಿ ಎರಡು ಚಿತ್ರ ಬರೆದರು. ಒಂದರಲ್ಲಿ ಗಡ್ಡೆಯನ್ನೂ ಅದರ ಸುತ್ತಲಿನ ಸ್ವಲ್ಪ ಭಾಗವನ್ನೂ ಮಾತ್ರ ತೆಗೆದು, ಆಮೇಲೆ ರೇಡಿಯೇಷನ್ ಕೊಡುವುದು. ಇನ್ನೊಂದರಲ್ಲಿ ಇಡೀ ಸ್ತನವನ್ನು ತೆಗೆಯುವುದು. ನಿಮ್ಮಮ್ಮನ ಹಂತದಲ್ಲಿ ಎರಡರಲ್ಲೂ ಬದುಕುಳಿಯುವ ಸಾಧ್ಯತೆ ಒಂದೇ ಅಂದರು. ಮೊದಲನೆಯದರಲ್ಲಿ ಅದೇ ಜಾಗದಲ್ಲಿ ಮತ್ತೆ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು, ಹಾಗಾಗಿ ರೇಡಿಯೇಷನ್ ತಪ್ಪಿಸುವ ಹಾಗಿಲ್ಲ. ಎರಡನೆಯದರಲ್ಲಿ ಕಂಕುಳಿನ ಗ್ರಂಥಿಗಳಲ್ಲಿ ರೋಗ ಕಾಣದಿದ್ದರೆ ಸಾಮಾನ್ಯವಾಗಿ ರೇಡಿಯೇಷನ್ ಬೇಕಾಗುವುದಿಲ್ಲ. ಇವು ಅವರು ಹೇಳಿದ ಮಾತುಗಳು.

ನಾನು ಅವ್ವನಿಗೆ ಹೇಳಿದ್ದು ಇದು: ‘ಈಗೆಲ್ಲ ಪೂರ್ತಿ ತೆಗೆಯಲ್ವಂತೆ ಅವ್ವ. ಗಡ್ಡೆ ಮಾತ್ರ ತೆಗೆದು ಕರೆಂಟ್ ಕೊಡ್ತಾರಂತೆ. ಅದೇ ಒಳ್ಳೇದಂತೆ.’

‘ಅಂತೆ’ ಎಂಬುದು ನಮ್ಮ ಭಾಷೆಯಲ್ಲಿ ಎಷ್ಟು ಅನುಕೂಲದ ಪ್ರತ್ಯಯ! ಹೇಳಿದವರು ಬೇರೆ ಯಾರೋ, ನಾನು ಬರೀ ದಾಟಿಸುತ್ತಿದ್ದೇನೆ ಎಂಬ ಭಾವ ಅದರಲ್ಲಿದೆ. ಅದರ ಮರೆಯಲ್ಲಿ ನನ್ನ ಇಷ್ಟವನ್ನು ವೈದ್ಯರ ಬಾಯಲ್ಲಿ ಇಟ್ಟಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ಅನಿಸಿರಲಿಲ್ಲ. ಇಡೀ ಸ್ತನ ತೆಗೆಯುವುದು ಹೆಣ್ಣಿನ ಮೇಲಿನ ಹಳೆಯ ದಬ್ಬಾಳಿಕೆ, ಅದರಿಂದ ಅವ್ವನನ್ನು ಪಾರು ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಆ ನಂಬಿಕೆ ನನಗೆ ಬಂದದ್ದು ಓದಿನಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ರೂಪಿಸಿದ ಶಸ್ತ್ರಚಿಕಿತ್ಸೆಯಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಸುಮಾರು ಎಂಬತ್ತು ವರ್ಷ ಅಲ್ಲಿ ಅದೇ ರೂಢಿಯಾಗಿತ್ತು. ಅದಕ್ಕಿಂತ ಭಯಂಕರವಾದದ್ದು ಅದನ್ನು ಮಾಡುತ್ತಿದ್ದ ಕ್ರಮ. ಗಡ್ಡೆಯ ಪರೀಕ್ಷೆಗೆಂದು ಹೆಂಗಸಿಗೆ ಅರಿವಳಿಕೆ ಕೊಡುತ್ತಿದ್ದರು. ಅವಳು ಮಲಗಿರುವಾಗಲೇ ತುಣುಕನ್ನು ಪರೀಕ್ಷಿಸಿ, ಕ್ಯಾನ್ಸರ್ ಎಂದು ಕಂಡರೆ ಅಲ್ಲೇ ಸ್ತನ ತೆಗೆದುಬಿಡುತ್ತಿದ್ದರು. ಕಣ್ಣು ಮುಚ್ಚುವಾಗ ತನಗೆ ಕ್ಯಾನ್ಸರ್ ಇದೆಯೋ ಇಲ್ಲವೋ ಗೊತ್ತಿಲ್ಲ, ಎಚ್ಚರವಾದಾಗ ಎದೆಯನ್ನು ಮುಟ್ಟಿ ನೋಡಿಕೊಂಡೇ ತಿಳಿಯಬೇಕು. 1974ರಲ್ಲಿ ರೋಸ್ ಕುಶ್ನರ್ ಎಂಬ ಪತ್ರಕರ್ತೆ ತನಗೆ ಗಡ್ಡೆಯಿದೆ ಎಂದು ಗೊತ್ತಾದಾಗ ಈ ಕ್ರಮಕ್ಕೆ ಒಪ್ಪಲಿಲ್ಲ. ಮೊದಲು ಪರೀಕ್ಷೆ ಮಾತ್ರ ಮಾಡಿ, ಫಲಿತಾಂಶ ನನಗೆ ತಿಳಿಸಿ, ಮುಂದಿನದನ್ನು ಆಮೇಲೆ ನೋಡೋಣ ಎಂದು ಹಟ ಹಿಡಿದರು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಎರಡು ಹಂತಗಳ ಕ್ರಮವೇ ಸರಿ ಎಂದು ಹೇಳಿತು. ಆ ಸಮಿತಿಯಲ್ಲಿ ಕುಶ್ನರ್ ಕೂಡ ಇದ್ದರು.

ಅದೇ ಕಾಲದಲ್ಲಿ ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್, ಇಟಲಿಯ ಮಿಲಾನಿನಲ್ಲಿ ಉಂಬರ್ಟೊ ವೆರೊನೇಸಿ ದೊಡ್ಡ ಪ್ರಯೋಗಗಳನ್ನು ನಡೆಸುತ್ತಿದ್ದರು. ಎರಡರ ಇಪ್ಪತ್ತು ವರ್ಷಗಳ ಫಲಿತಾಂಶವೂ 2002ರಲ್ಲಿ ಪ್ರಕಟವಾಯಿತು. ಗಡ್ಡೆ ಮಾತ್ರ ತೆಗೆಸಿಕೊಂಡವರೂ ಸ್ತನ ತೆಗೆಸಿಕೊಂಡವರೂ ಬದುಕುಳಿದ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಫಿಶರ್ ಅವರ ಪ್ರಯೋಗದಲ್ಲಿ, ಗಡ್ಡೆ ತೆಗೆಸಿಕೊಂಡು ರೇಡಿಯೇಷನ್ ಪಡೆದವರಲ್ಲಿ ಶೇ. 14.3ರಷ್ಟು ಮಂದಿಗೆ ಅದೇ ಸ್ತನದಲ್ಲಿ ರೋಗ ಮರಳಿತ್ತು. ರೇಡಿಯೇಷನ್ ಪಡೆಯದವರಲ್ಲಿ ಅದು ಶೇ. 39.2. ಅಂದರೆ ವಿಜ್ಞಾನ ತನ್ನ ಕೆಲಸವನ್ನು ಇಲ್ಲಿಗೆ ಮುಗಿಸಿದೆ. ಎರಡೂ ದಾರಿಗಳಲ್ಲಿ ಆಯಸ್ಸು ಒಂದೇ ಆದಾಗ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಪ್ರಯೋಗಶಾಲೆಯಲ್ಲಿ ಉತ್ತರವಿಲ್ಲ. ದೇಹದ ರೂಪ ಮುಖ್ಯವೇ, ಮತ್ತೆ ಬಂದೀತೆಂಬ ಅಂಜಿಕೆಯಿಂದ ಬಿಡುಗಡೆ ಮುಖ್ಯವೇ, ವಾರಗಟ್ಟಲೆ ಮನೆಯಿಂದ ದೂರವಿರಲು ಆಗುತ್ತದೆಯೇ ಎಂಬುದು ಆ ಹೆಂಗಸಿನ ಬಾಳಿಗೆ ಸೇರಿದ ಪ್ರಶ್ನೆ.

ನಾನು ಇದನ್ನು ಓದಿದ್ದೆ, ಆದರೆ ಸರಿಯಾಗಿ ಓದಿರಲಿಲ್ಲ. ಕುಶ್ನರ್ ಕೂಡ ಕೊನೆಗೆ ಸ್ತನ ತೆಗೆಸಿಕೊಂಡವರೇ. ಹಾಲ್‌ಸ್ಟೆಡ್ ವಿಧಾನ ಬೇಡವೆಂದು, ಸ್ನಾಯುಗಳನ್ನು ಉಳಿಸುವ ಸರ್ಜನ್ನನ್ನು ಹುಡುಕಿಕೊಂಡು ಹೋಗಿ, ತಿಳಿದೇ ತೆಗೆಸಿಕೊಂಡರು. ಅವರು ಹೋರಾಡಿದ್ದು ತೀರ್ಮಾನದ ಹೊತ್ತಿಗೆ ಎಚ್ಚರವಾಗಿರುವ ಹಕ್ಕಿಗಾಗಿ. ನಾನು ಅವರ ಹೋರಾಟದ ಹೆಸರಿನಲ್ಲಿ ಅವ್ವನಿಗೆ ಇನ್ನೊಂದು ಬಗೆಯ ಅರಿವಳಿಕೆ ಕೊಡುತ್ತಿದ್ದೆ.

ಆಸ್ಪತ್ರೆಯ ಕೋಣೆಗೆ ಮರಳುತ್ತೇನೆ. ‘ನಿಮ್ಮಮ್ಮ ಆಗಿದ್ರೆ’ ಎಂಬ ಪ್ರಶ್ನೆಗೆ ಆ ವೈದ್ಯೆ ಎರಡು ಸುಲಭದ ಉತ್ತರ ಕೊಡಬಹುದಿತ್ತು. ‘ನಾನಾಗಿದ್ರೆ ಇದನ್ನೇ ಮಾಡಿಸ್ತಿದ್ದೆ’ ಎಂದು ಒಂದನ್ನು ತೋರಿಸಿ ಮುಗಿಸಬಹುದಿತ್ತು. ನಮ್ಮಲ್ಲಿ ಬಹುಮಟ್ಟಿಗೆ ನಡೆಯುವುದು ಇದು. ಅಥವಾ ‘ಅದನ್ನ ನಾನು ಹೇಳೋ ಹಾಗಿಲ್ಲ, ನೀವೇ ತೀರ್ಮಾನ ಮಾಡ್ಬೇಕು’ ಎಂದು ಫಾರಂ ಮುಂದೆ ಸರಿಸಬಹುದಿತ್ತು. ದುಬಾರಿ ಆಸ್ಪತ್ರೆಗಳಲ್ಲಿ ಈಗ ಹೆಚ್ಚುತ್ತಿರುವುದು ಇದು. ಮೊದಲನೆಯದರಲ್ಲಿ ರೋಗಿ ಮಗು, ಎರಡನೆಯದರಲ್ಲಿ ರೋಗಿ ಗಿರಾಕಿ. ಎರಡನೆಯದನ್ನು ನಾವು ಗೌರವ ಎಂದು ತಪ್ಪು ತಿಳಿಯುತ್ತೇವೆ. ಕತ್ತಲೆಯಲ್ಲಿ ಕವಲುದಾರಿಯಲ್ಲಿ ನಿಂತವರಿಗೆ ‘ಎರಡೂ ದಾರಿ ಇದೆ, ಇಷ್ಟ ಬಂದ ಕಡೆ ಹೋಗಿ’ ಎಂದು ಹೇಳಿ ಲಾಟೀನು ತೆಗೆದುಕೊಂಡು ಹೊರಟುಬಿಡುವುದು ಗೌರವವಲ್ಲ.

1992ರಲ್ಲಿ ಎಜೆಕಿಯಲ್ ಇಮ್ಯಾನ್ಯುಯೆಲ್ ಮತ್ತು ಲಿಂಡಾ ಇಮ್ಯಾನ್ಯುಯೆಲ್ ಬರೆದ ಒಂದು ಲೇಖನ ವೈದ್ಯ–ರೋಗಿ ಸಂಬಂಧವನ್ನು ನಾಲ್ಕು ಬಗೆಯಾಗಿ ನೋಡುತ್ತದೆ. ತಂದೆಯಂತೆ ತೀರ್ಮಾನಿಸುವ ವೈದ್ಯ. ಮಾಹಿತಿ ಕೊಟ್ಟು ಕೈತೊಳೆದುಕೊಳ್ಳುವ ವೈದ್ಯ. ರೋಗಿಗೆ ನಿಜಕ್ಕೂ ಏನು ಬೇಕು ಎಂಬುದನ್ನು ಅವರ ಜೊತೆ ಕೂತು ಬಿಡಿಸುವ ವೈದ್ಯ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಾಗೆ ಬೇಕಾದದ್ದು ಒಳ್ಳೆಯದೇ ಎಂದು ಸ್ನೇಹಿತನಂತೆ ವಾದಿಸುವ ವೈದ್ಯ. 1997ರಲ್ಲಿ ಕೆನಡಾದ ಕ್ಯಾಥಿ ಚಾರ್ಲ್ಸ್ ಮತ್ತು ಅವರ ಜೊತೆಗಾರರು ‘ಹಂಚಿಕೊಂಡ ತೀರ್ಮಾನ’ ಎಂದರೆ ಏನೆಂದು ಬಿಡಿಸಿಟ್ಟರು. ಕನಿಷ್ಠ ಇಬ್ಬರಿರಬೇಕು, ಇಬ್ಬರೂ ತಮಗೆ ಗೊತ್ತಿರುವುದನ್ನು ಹೇಳಬೇಕು, ಇಬ್ಬರೂ ಸೇರಿ ಒಂದು ಒಮ್ಮತಕ್ಕೆ ಬರಲು ಹೆಜ್ಜೆ ಇಡಬೇಕು, ಬಂದ ತೀರ್ಮಾನವನ್ನು ಇಬ್ಬರೂ ಒಪ್ಪಬೇಕು. ಇದರಲ್ಲಿ ನನಗೆ ಮುಖ್ಯವೆನಿಸುವುದು ಎರಡನೆಯ ಮಾತು. ಮಾಹಿತಿ ವೈದ್ಯರಿಂದ ರೋಗಿಯ ಕಡೆಗೆ ಮಾತ್ರ ಹರಿಯುವುದಿಲ್ಲ, ರೋಗಿಗೂ ಹೇಳುವುದಿದೆ ಎಂಬುದು.

ಆ ವೈದ್ಯೆ ಈ ಲೇಖನಗಳನ್ನು ಓದಿದ್ದರೋ ಇಲ್ಲವೋ. ಅವ್ವನ ಪ್ರಶ್ನೆ ಕೇಳಿ ಪೆನ್ನು ಕೆಳಗಿಟ್ಟರು. ನನ್ನ ಕಡೆ ನೋಡದೆ, ತಮ್ಮ ಮುರುಕು ಕನ್ನಡದಲ್ಲೇ ಅವ್ವನನ್ನು ಕೇಳಿದರು: ‘ಅಮ್ಮಾ, ನನ್ನ ಅಮ್ಮ ಬೇರೆ, ನೀವು ಬೇರೆ. ನೀವು ಮನೆಯಲ್ಲಿ ಏನು ಕೆಲಸ? ಬೆಳಿಗ್ಗೆ ಎದ್ದು?’

ಅವ್ವ ಹೇಳತೊಡಗಿದಳು. ಐದು ಗಂಟೆಗೆ ಏಳುವುದು, ಹಾಲು ಕರೆಯುವುದು, ಡೈರಿ, ತೋಟ. ನಾನು ಅನುವಾದ ಮಾಡಲು ಬಾಯಿ ತೆರೆದರೆ ವೈದ್ಯೆ ಕೈ ಸನ್ನೆಯಲ್ಲೇ ತಡೆದು, ತಿಳಿಯದ ಪದ ಬಂದಾಗ ಮಾತ್ರ ನನ್ನನ್ನು ಕೇಳಿದರು. ಕರೆಂಟ್ ಕೊಡಬೇಕಾದರೆ ಐದು ವಾರ ಬೆಂಗಳೂರಿನಲ್ಲಿ ಇರಬೇಕಾಗಬಹುದು ಅಂದಾಗ ಅವ್ವ, ‘ಅಷ್ಟು ದಿನ ಹಸ ಯಾರ್ ನೋಡ್ತಾರೆ’ ಅಂದಳು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಹಸುವಿಗಾಗಿ ದೇಹವನ್ನು ಕೊಯ್ಯಿಸಿಕೊಳ್ಳುವುದೇ? ಆದರೆ ವೈದ್ಯೆ ನಗಲಿಲ್ಲ, ಬೈಯಲೂ ಇಲ್ಲ. ಐದು ವಾರವೇ ಬೇಕೆಂದಿಲ್ಲ, ಹದಿನೈದು ಸಲ ಕೊಟ್ಟು ಮೂರು ವಾರದಲ್ಲಿ ಮುಗಿಸುವ ಕ್ರಮವೂ ಇದೆ, ನಿಮಗೆ ಅದು ಸಾಕಾಗುತ್ತದೆಯೇ ಎಂದು ಆ ವಿಭಾಗದವರನ್ನು ಕೇಳುತ್ತೇನೆ ಅಂದರು. ಹಸುವಿನ ಮಾತು ಬರದಿದ್ದರೆ ಈ ದಾರಿ ಆ ದಿನ ಮೇಜಿನ ಮೇಲೆ ಬರುತ್ತಲೇ ಇರಲಿಲ್ಲ. ಇದನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಆಯ್ಕೆಗಳು ಮೊದಲೇ ತಯಾರಾಗಿ ಕೂತಿರುತ್ತವೆ, ರೋಗಿ ಬಂದು ಒಂದನ್ನು ಎತ್ತಿಕೊಳ್ಳುತ್ತಾರೆ ಎಂದು ನಾನು ಭಾವಿಸಿದ್ದೆ. ಕೆಲವು ಆಯ್ಕೆಗಳು ಇಬ್ಬರೂ ಮಾತಾಡಿದ ಮೇಲೆಯೇ ಕಾಣಿಸಿಕೊಳ್ಳುತ್ತವೆ. ಡಚ್ ಚಿಂತಕಿ ಅನ್ನೆಮರಿ ಮೊಲ್ ನೆದರ್‌ಲ್ಯಾಂಡ್ಸ್‌ನ ಮಧುಮೇಹದ ಕ್ಲಿನಿಕ್ಕುಗಳನ್ನು ಗಮನಿಸಿ ‘ದ ಲಾಜಿಕ್ ಆಫ್ ಕೇರ್’ ಎಂಬ ಪುಸ್ತಕ ಬರೆದಿದ್ದಾರೆ. ಆಯ್ಕೆಯ ತರ್ಕ ಒಂದು, ಆರೈಕೆಯ ತರ್ಕ ಇನ್ನೊಂದು ಎಂಬುದು ಅವರ ವಾದ. ಆರೈಕೆಯಲ್ಲಿ ಒಂದನ್ನು ಮಾಡಿ ನೋಡಿ, ಹೊಂದದಿದ್ದರೆ ತಿದ್ದಿ, ಮತ್ತೆ ನೋಡುವುದಿದೆ. ಅದು ಒಂದು ಸಹಿಯಲ್ಲಿ ಮುಗಿಯುವುದಿಲ್ಲ.

‘ಇನ್ನೇನಾದ್ರೂ ಭಯ ಇದೆಯಾ?’ ಎಂದು ವೈದ್ಯೆ ಕೇಳಿದರು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಒಮ್ಮೆಯೂ ಕೇಳಿರಲಿಲ್ಲ.

‘ಗಡ್ಡೆ ಸಿಕ್ಕಿದಾಗಿಂದ ರಾತ್ರಿ ನಿದ್ದೆ ಇಲ್ಲ ಮೇಡಂ. ಕೈ ತಾನಾಗೇ ಅಲ್ಲಿಗೇ ಹೋಗುತ್ತೆ. ಉಳಿಸ್ಕೊಂಡ್ರೆ ಬದುಕಿರೋಗಂಟ ಹಿಂಗೇ ಮುಟ್ಟಿ ಮುಟ್ಟಿ ನೋಡ್ಕೊಂಡು ಕೂತಿರ್ತೀನಿ.’

ನಾನು ಅವಳ ಮಗಳು. ಹದಿನೈದು ದಿನ ಅವಳ ಪಕ್ಕದಲ್ಲೇ ಮಲಗಿದ್ದೆ. ಅವಳ ಕಾಯಿಲೆಯ ಬಗ್ಗೆ ಇಂಗ್ಲಿಷಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ್ದೆ. ನಿನಗೆ ಯಾವುದರ ಭಯ ಎಂದು ಕೇಳಿರಲಿಲ್ಲ. ಭಾಷೆಯ ಸಂಕೋಚವೂ ಇತ್ತು. ‘ಸ್ತನ’ ಅಂದರೆ ಪಾಠದ ಪುಸ್ತಕ, ‘ಮೊಲೆ’ ಅಂದರೆ ಇಬ್ಬರೂ ಮುಖ ತಿರುಗಿಸಬೇಕು. ನಾವಿಬ್ಬರೂ ‘ಎದೆ’, ‘ಅದು’ ಎಂದೇ ಸಾಗಿಸುತ್ತಿದ್ದೆವು. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು ‘ತಾಯಿ ಮಗು’, ‘ಕೇಳು ಕಿಶೋರಿ’ಯಂಥ ಪುಸ್ತಕಗಳಲ್ಲಿ ಕನ್ನಡದ ಹೆಂಗಸರಿಗೆ ಅವರ ದೇಹದ ಬಗ್ಗೆ ಅವರ ಮಾತಿನಲ್ಲೇ ಹೇಳಲು ಯಾಕಷ್ಟು ಶ್ರಮಪಟ್ಟರು ಎಂಬುದು ಆಗ ಅರ್ಥವಾಯಿತು. ಹೆಸರಿಲ್ಲದ ಅಂಗದ ಬಗ್ಗೆ ಯಾರೂ ಸರಿಯಾಗಿ ತೀರ್ಮಾನಿಸಲಾರರು.

ಆ ಮಾತುಕತೆ ಒಟ್ಟು ಹನ್ನೆರಡು ನಿಮಿಷ ನಡೆದಿರಬಹುದು. ಹೊರಗೆ ನೂರಾರು ಜನ ಕಾಯುತ್ತಿದ್ದರು. ಹಾಗಾಗಿ ಇದನ್ನೆಲ್ಲ ಹೇಳುವಾಗ ನನಗೆ ಮುಜುಗರವೂ ಆಗುತ್ತದೆ. 67 ದೇಶಗಳ ಅಂಕಿಗಳನ್ನು ಸೇರಿಸಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸರಾಸರಿ ಸಮಯ ಸ್ವೀಡನ್ನಿನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಮ್ಮ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತವರಿಗೆ ನಾವು ಯಾವ ಕಡೆಗೆ ಹತ್ತಿರ ಎಂದು ಹೇಳಬೇಕಾಗಿಲ್ಲ. 48 ಸೆಕೆಂಡಿನಲ್ಲಿ ಯಾವ ವೈದ್ಯರಿಂದಲೂ ಹಸುವಿನ ಕಥೆ ಕೇಳಲಾಗದು. ಹಂಚಿಕೊಂಡ ತೀರ್ಮಾನ ಎಂಬುದು ವೈದ್ಯರ ಒಳ್ಳೆಯತನಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಎಷ್ಟು ವೈದ್ಯರಿದ್ದಾರೆ, ರೇಡಿಯೇಷನ್ ಯಂತ್ರ ಮನೆಯಿಂದ ಎಷ್ಟು ದೂರವಿದೆ, ಆ ಮೂರು ವಾರ ತಂಗಲು ಜಾಗವಿದೆಯೇ ಎಂಬ ಪ್ರಶ್ನೆಗಳಿಗೂ ಸಂಬಂಧಿಸಿದ್ದು. ಯಂತ್ರ ಜಿಲ್ಲೆಯಲ್ಲೇ ಇದ್ದು ಸಂಜೆ ಮನೆಗೆ ಮರಳುವಂತಿದ್ದರೆ ಎಷ್ಟು ಹೆಂಗಸರು ಬೇರೆಯದನ್ನು ಆರಿಸಿಕೊಳ್ಳುತ್ತಿದ್ದರೋ. ಬಡವರ ‘ಇಷ್ಟ’ ಎಂದು ಫಾರಂನಲ್ಲಿ ದಾಖಲಾಗುವ ಎಷ್ಟೋ ಸಂಗತಿ ಬಸ್ಸಿನ ವೇಳಾಪಟ್ಟಿಯ ಇಷ್ಟವಾಗಿರುತ್ತದೆ.

ಮನೆಯವರ ಪ್ರಶ್ನೆಯೂ ಉಳಿಯುತ್ತದೆ. ಪಶ್ಚಿಮದ ಪುಸ್ತಕಗಳಲ್ಲಿ ಮೇಜಿನ ಆಚೆ ಒಬ್ಬರು, ಈಚೆ ಒಬ್ಬರು. ನಮ್ಮಲ್ಲಿ ಈಚೆ ಕಡೆ ಕನಿಷ್ಠ ಮೂವರು. ಅವರನ್ನು ಹೊರಗೆ ಕಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನನಗನಿಸುವುದಿಲ್ಲ. ದುಡ್ಡು ಹೊಂದಿಸುವವನು ಮಾವ, ರಾತ್ರಿ ಎದ್ದು ಕೂರುವವಳು ನಾನು. ಅವ್ವನೂ ನಮ್ಮನ್ನು ಬಿಟ್ಟು ತೀರ್ಮಾನಿಸಲು ಬಯಸುವವಳಲ್ಲ. ಆದರೆ ಪಕ್ಕದಲ್ಲಿ ಕೂರುವುದು ಬೇರೆ, ಮುಂದೆ ಕೂರುವುದು ಬೇರೆ. ಮಾವ ಕಾಯಿಲೆಯ ಹೆಸರನ್ನು ಬಚ್ಚಿಡಲು ನೋಡಿದ, ನಾನು ಒಂದು ಚಿತ್ರವನ್ನೇ ಬಚ್ಚಿಟ್ಟೆ. ಅವನ ಕಾರಣ ಹಳೆಯದು, ನನ್ನದು ಹೊಸದು. ಅವ್ವನ ಕಡೆಯಿಂದ ನೋಡಿದರೆ ವ್ಯತ್ಯಾಸವೇನು? ಇಬ್ಬರೂ ಅವಳ ‘ಈಶ್ವರ’ರಾಗಲು ಹೊರಟವರೇ.

ಮೂರು ವಾರದ ಕ್ರಮ ಸಾಧ್ಯ ಎಂದು ಗೊತ್ತಾದ ಮೇಲೂ ಅವ್ವ ಒಂದು ರಾತ್ರಿ ಯೋಚಿಸಿ, ಪೂರ್ತಿ ತೆಗೆದುಬಿಡಿ ಅಂದಳು. ನನಗೆ ಒಪ್ಪಿಗೆಯಿರಲಿಲ್ಲ. ಜೀವನವಿಡೀ ಕಡಿಮೆಯಲ್ಲೇ ಬಾಳಿದವರು ಕಡಿಮೆಯನ್ನೇ ಬಯಸಲು ಕಲಿಯುತ್ತಾರೆ, ಅಂಥ ಬಯಕೆಯನ್ನು ಸ್ವತಂತ್ರ ಎನ್ನಬಹುದೇ ಎಂದು ತತ್ತ್ವಶಾಸ್ತ್ರ ಕೇಳುತ್ತದೆ. ಒಳ್ಳೆಯ ಪ್ರಶ್ನೆ. ಆದರೆ ಅದನ್ನು ನಾವು ಬೇರೆಯವರ ಬಯಕೆಯ ಬಗ್ಗೆ, ಅದರಲ್ಲೂ ನಮಗೆ ಒಪ್ಪಿಗೆಯಾಗದ ಬಯಕೆಯ ಬಗ್ಗೆ ಮಾತ್ರ ಕೇಳುತ್ತೇವೆ. ವೈದ್ಯೆ ಇನ್ನೊಮ್ಮೆ ಕೇಳಿದರು: ‘ಹಸುಗೋಸ್ಕರ ಅಲ್ಲ ತಾನೆ?’ ಅವ್ವ ನಕ್ಕಳು. ‘ಹಸ ಮಾರಬೌದು ಮೇಡಂ. ನಿದ್ದೆ ಬೇಕು.’ ವೈದ್ಯೆ ಫಾರಂ ಕೊಡುವಾಗ ನನ್ನ ಮೂಲಕ ಅವ್ವನಿಗೆ ಒಂದು ಮಾತು ಹೇಳಿಸಿದರು. ಈ ತೀರ್ಮಾನ ಇಬ್ಬರದೂ, ಮುಂದೆ ಯಾವತ್ತಾದರೂ ಹೀಗೆ ಮಾಡಬಾರದಿತ್ತು ಅನಿಸಿದರೆ ನಿಮ್ಮೊಬ್ಬರನ್ನೇ ಬೈದುಕೊಳ್ಳಬೇಡಿ, ನನ್ನನ್ನೂ ಸೇರಿಸಿ ಬೈಯಿರಿ ಎಂದು. ಈ ಸಲ ನಾನು ಒಂದಕ್ಷರ ಬಿಡದೆ ಹೇಳಿದೆ. ಅವ್ವ ಫಾರಂನ ಕೆಳಗೆ ತನ್ನ ದಪ್ಪಕ್ಷರದಲ್ಲಿ ಸಹಿ ಹಾಕಿದಳು.

ಕಂಕುಳಿನ ಗ್ರಂಥಿಗಳಲ್ಲಿ ರೋಗ ಕಾಣಲಿಲ್ಲ. ಈಗ ದಿನಕ್ಕೊಂದು ಮಾತ್ರೆ, ಆರು ತಿಂಗಳಿಗೊಮ್ಮೆ ತಪಾಸಣೆ. ನಿದ್ದೆ ಬರುತ್ತದೆಯೇ ಎಂದು ಕೇಳಿದರೆ ‘ಬತ್ತದೆ’ ಅನ್ನುತ್ತಾಳೆ. ಸ್ನಾನದ ಮನೆಯಿಂದ ಬರುವಾಗ ಒಮ್ಮೊಮ್ಮೆ ಅವಳ ಮುಖ ಬೇರೆ ಥರ ಇರುತ್ತದೆ. ಅದನ್ನೂ ನಾನು ನೋಡಿದ್ದೇನೆ. ತೀರ್ಮಾನ ಸರಿಯಾಗಿತ್ತೆಂದರೆ ನೋವು ಇರುವುದಿಲ್ಲ ಎಂದೇನಿಲ್ಲ.

ಕಳೆದ ದಸರಾ ರಜೆಯಲ್ಲಿ, ಕೊಟ್ಟಿಗೆಯ ಹತ್ತಿರ ಕೂತಿದ್ದಾಗ, ಅವತ್ತು ನಾನು ಸರಿಯಾಗಿ ಹೇಳಿರಲಿಲ್ಲ ಎಂದು ಒಪ್ಪಿಕೊಂಡೆ. ಬಹಳ ದಿನ ಇಟ್ಟುಕೊಂಡಿದ್ದ ಮಾತು, ಗಂಟಲು ಕಟ್ಟಿತ್ತು. ಅವ್ವ ಹಸುವಿನ ಮೈ ತಿಕ್ಕುವುದನ್ನು ನಿಲ್ಲಿಸಲಿಲ್ಲ.

‘ಗೊತ್ತಿತ್ತು ಬಿಡು ಮಗ. ಅವರು ಎರಡು ಚಿತ್ರ ಬರೆದ್ರು, ನೀನು ಒಂದೇ ಹೇಳ್ದೆ. ಅದಕ್ಕೇ ಅವರನ್ನೇ ಕೇಳ್ದೆ.’